ಐದು ನಿಮಿಷ ನಲವತ್ತು ಸೆಕೆಂಡಿನ ಗಟ್ಟಿಮೇಳ

ಹೊಳೆನರಸೀಪುರ
೧೯ ಮೇ ೨೦೨೫, ಸೋಮವಾರ ಮಧ್ಯಾಹ್ನ

ಅಖಿಲ ಹಾಸನ ಜಿಲ್ಲಾ ಅಪಸ್ವರ ಪ್ರೇಮಿಗಳ ಸಂಘದ ಸಂಸ್ಥಾಪಕ ಅಧ್ಯಕ್ಷೆ, ಒಟ್ಟು ಮೂವರು ಸದಸ್ಯರ ಪೈಕಿ ಏಕೈಕ ಬುದ್ಧಿವಂತೆ ಶೋಭಿತಾ ಅವರ ಸಮಕ್ಷಮಕ್ಕೆ, ಸದರಿ ಸಂಘದ ಕಾರ್ಯದರ್ಶಿಯೂ ಜವಾನನೂ ಆದ ರುದ್ರೇಶನೆಂಬ ಪಾಪಿಯ ಅಡ್ಡಬಿದ್ದ ನಮಸ್ಕಾರಗಳು.

ತಾವು ನನ್ನ ನಂಬರನ್ನು ಬ್ಲಾಕ್ ಮಾಡಿರುವ ವಿಷಯ ಸಂಘದ ಗಮನಕ್ಕೆ ಬಂದಿದೆ. ನ್ಯಾಯವಾದ ಕ್ರಮವೆಂದು ಕಾರ್ಯದರ್ಶಿಯು ತನ್ನ ವಿರುದ್ಧ ತಾನೇ ಠರಾವು ಪಾಸು ಮಾಡಿಕೊಂಡಿದ್ದಾನೆ. ಅಂಚೆಗೆ ಹಾಕಿದರೆ ಕಾಗದ ನಾಳೆಯೊಳಗೆ ನಿನ್ನ ಕೈ ಸೇರುವುದಿಲ್ಲ. ಆದ್ದರಿಂದ ನಾಲ್ಕು ಗಂಟೆಯ ಬಸ್ಸಿಗೆ ಹಾಸನಕ್ಕೆ ಬಂದು, ಆಸ್ಪತ್ರೆಯಲ್ಲಿ ನಿಮ್ಮ ಅವ್ವ ಹೊನ್ನಕ್ಕನ ಕೈಗೆ ಕೊಟ್ಟು ಓಡಿಹೋಗುತ್ತೇನೆ. ಜೊತೆಗೆ ಒಂದು ಪೆನ್‌ಡ್ರೈವ್ ಇದೆ. ಕಾಗದ ಓದಿ ಮುಗಿಸುವ ತನಕ ಅದನ್ನು ಹಾಕಬೇಡ. ಇದು ಆಜ್ಞೆಯಲ್ಲ, ಅರ್ಜಿ.

ವಿಷಯ ಇಷ್ಟು. ನಾಳೆ ಹತ್ತೂವರೆಗೆ ಚನ್ನರಾಯಪಟ್ಟಣದ ಕೋರ್ಟಿನಲ್ಲಿ ನಾನು ಹೇಳಿಕೆ ಕೊಡಬೇಕು. ದೀಪಶ್ರೀ ಮದುವೆಯ ದಿನ ನಿಮ್ಮಣ್ಣ ಭೀಮನನ್ನು ಛತ್ರದ ಅಡುಗೆಮನೆಯಲ್ಲಿ ಹೊಡೆಯುವಾಗ ಅವನ ಕೂಗು ಯಾರಿಗೂ ಕೇಳಬಾರದೆಂದೇ ವಾಲಗದವರು ಗಟ್ಟಿಮೇಳವನ್ನು ಎಳೆದರು, ಇದು ಮೊದಲೇ ಮಾಡಿಕೊಂಡ ಒಳಸಂಚು ಅಂತ ನಿನ್ನ ದೂರಿನಲ್ಲಿದೆ. ಹೊಡೆದ ಮೂವರ ಹೆಸರಿನ ಕೆಳಗೆ ನಾಲ್ಕನೆಯದಾಗಿ ‘ಚಲುವಯ್ಯ, ನಾದಸ್ವರ’ ಅಂತ ನಮ್ಮಪ್ಪನ ಹೆಸರಿದೆ. ನಿನ್ನ ಅಕ್ಷರ ಅಷ್ಟು ದುಂಡಗಿದೆ ಅಂತ ನನಗೆ ಗೊತ್ತಾದದ್ದು ಠಾಣೆಯಲ್ಲಿ. ಗಟ್ಟಿಮೇಳ ಎಳೆದದ್ದು ನಿಜ. ಮೊದಲೇ ಮಾತಾಡಿಕೊಂಡದ್ದೂ ನಿಜ. ಹೆಸರು ಮಾತ್ರ ತಪ್ಪು. ಅದನ್ನು ನಾಳೆ ನ್ಯಾಯಾಧೀಶರಿಗೆ ಹೇಳುವ ಮೊದಲು ನಿನಗೆ ಹೇಳಬೇಕು. ಎಲ್ಲಿಂದ ಶುರುಮಾಡಿದರೂ ಅಡುಗೆಮನೆಗೇ ಹೋಗಿ ನಿಲ್ಲುತ್ತೇನೆ. ಅದಕ್ಕೇ ಸಂಘದ ಸ್ಥಾಪನೆಯಿಂದ ಶುರುಮಾಡುತ್ತೇನೆ. ತಾಳ್ಮೆಯಿರಲಿ.

ನೀನು ಎಂ.ಎಸ್ಸಿ.ಯ ಪ್ರಯೋಗದ ಪುಸ್ತಕಕ್ಕೆ ಯಾವುದೋ ಅಲೆಗಳ ಚಿತ್ರ ಹುಡುಕುತ್ತ ಹೋಗಿ, ಅಲೆ ಬಿಟ್ಟು ಸಂಗೀತ ಹಿಡಿದುಕೊಂಡು ಬಂದವಳು. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದೆ ಭೀಮನ ಮೈಕ್‌ಸೆಟ್ ಅಂಗಡಿಯಲ್ಲಿ ಕೂತು ಮೊದಲು ಕೇಳಿಸಿದೆಯಲ್ಲ, ನಾಲ್ಕು ಜನ ಪಿಟೀಲು ಹಿಡಿದು ಅದರ ಕುತ್ತಿಗೆ ಹಿಸುಕುವಂಥದ್ದು. ವಿದೇಶದ ಶಾಸ್ತ್ರೀಯ ಸಂಗೀತ, ಈ ಕಾಲದ್ದು ಅಂದೆ ನೀನು. ಶಾಸ್ತ್ರ ಎಲ್ಲಿದೆ, ಶಸ್ತ್ರ ಕಾಣುತ್ತಿದೆ ಅಂದೆ ನಾನು. ಭೀಮ ಹಲ್ಲು ಕಿರಿದ. ನೀನು ನಗಲಿಲ್ಲ. ‘ಬೈಯೋದಾದ್ರೆ ಬೈ, ಎದ್ದು ಮಾತ್ರ ಓಗ್ಬ್ಯಾಡ’ ಅಂದೆ. ಅದೇ ಮುಂದೆ ಸಂಘದ ನಿಯಮಾವಳಿಯ ಒಂದನೆಯ ಮತ್ತು ಕೊನೆಯ ಕಲಮು ಆಯಿತು.

ಅವತ್ತು ನನಗೆ ಅದರಲ್ಲಿ ಕಂಡದ್ದು ಒಂದೇ, ಕೀಟಲೆಯ ಸಾಮಗ್ರಿ. ಮಾರನೇ ದಿನವೇ ಭೀಮನೂ ನಾನೂ ಅರಕಲಗೂಡಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಸ್ಪೀಕರ್ ತೊಡೆಯ ಮೇಲಿಟ್ಟುಕೊಂಡು ಆ ಪಿಟೀಲುಗಳನ್ನು ಬಿಟ್ಟೆವು. ಜೋಳದ ಹೊಲದ ಪಕ್ಕ ಬಸ್ಸು ಗಕ್ಕನೆ ನಿಂತಿತು. ಡ್ರೈವರು ಕೆಳಗಿಳಿದು ಮುಂದಿನ ಚಕ್ರಕ್ಕೆ ಕಿವಿ ಇಟ್ಟ. ಬೇರಿಂಗ್ ಹೋಯಿತು ಅಂದುಕೊಂಡಿದ್ದನಂತೆ. ಶುಂಠಿ ಮೂಟೆಯ ಮೇಲೆ ಕೂತಿದ್ದ ಅಜ್ಜಿ ಮಾತ್ರ ಸ್ಪೀಕರನ್ನೇ ದಿಟ್ಟಿಸಿ, ‘ಆಫ್ ಮಾಡು ಮಗ, ಅದ್ರೊಳ್ಗೆ ಯಾರ್ಗೋ ದಯ್ಯ ಬುಡುಸ್ತಾವ್ರೆ, ನಮ್ಗೆ ಅಮರ್ಕಂಡಾತು’ ಅಂದಳು. ಡ್ರೈವರಿಗೆ ವಿಷಯ ಗೊತ್ತಾದ ಮೇಲೆ ನನ್ನ ಕೆನ್ನೆಗೆ ಒಂದು ಬಿಟ್ಟ. ಆಧುನಿಕ ಸಂಗೀತಕ್ಕಾಗಿ ನಾನು ತಿಂದ ಮೊದಲ ಏಟು ಅದು. ಸಂಘದ ನಡವಳಿಯಲ್ಲಿ ದಾಖಲಾಗಿದೆ.

ಆಮೇಲೆ ಆಗಸ್ಟಿನಲ್ಲಿ ಗೊರೂರು. ಅಣೆಕಟ್ಟೆಯ ಗೇಟು ತೆಗೆದಿದ್ದರು. ಸೇತುವೆಯ ಈಚೆ ಗೋಡೆಯ ಮೇಲೆ ಮೂವರೂ ಕೂತಿದ್ದೆವು. ನಿನ್ನ ಇಯರ್‌ಫೋನಿನ ಒಂದು ತುದಿ ಭೀಮನ ಕಿವಿಯಲ್ಲಿ, ಇನ್ನೊಂದು ನನ್ನದರಲ್ಲಿ. ಒಂದೇ ಸ್ವರವನ್ನು ಹನ್ನೊಂದು ನಿಮಿಷ ಉಜ್ಜುತ್ತಿದ್ದರು. ನಾನು ಎರಡು ನಿಮಿಷ ಬೈದೆ, ಮೂರನೆಯದಕ್ಕೆ ಬೈಗುಳ ಮುಗಿಯಿತು. ಐದನೆಯದರಲ್ಲಿ ಆ ಸ್ವರದ ಹೊಟ್ಟೆ ಬಗೆದು ಬೇರೆ ಸ್ವರಗಳು ಹೊರಬರತೊಡಗಿದವು. ಸಣ್ಣ ಸಣ್ಣವು, ರಕ್ತ ಅಂಟಿದಂಥವು. ಕೆಳಗೆ ನೀರು ಕಲ್ಲಿಗೆ ಬಡಿಯುತ್ತಿತ್ತು. ಯಾವುದು ಇಯರ್‌ಫೋನು, ಯಾವುದು ಹೇಮಾವತಿ ಅಂತ ತಿಳಿಯಲಿಲ್ಲ. ಮುಗಿದ ಮೇಲೆ ನಾನು ತಮಾಷೆ ಮಾಡುವುದು ಬಿಟ್ಟು ಇನ್ನೊಂದು ಸಲ ಹಾಕು ಅಂದೆ. ನೀನು ನನ್ನ ಮುಖ ನೋಡಿ, ‘ಆತು ಬುಡು, ಇವ್ನೂ ಕೆಟ್ಟ’ ಅಂದೆ.

ನಿಜವಾಗಿಯೂ ಕೆಟ್ಟೆ. ಆ ಚಳಿಗಾಲವೆಲ್ಲ ನೀನು ಕಳಿಸಿದ್ದನ್ನು ಕೇಳಿದೆ. ಪಿಯಾನೋದ ತಂತಿಗಳ ಸಂದಿಗೆ ಬೋಲ್ಟು ತುರುಕಿ ಬಾರಿಸಿದ್ದು, ಊದುವವರು ಊದದೆ ಉಸಿರಾಡಿದ್ದು, ನೂರು ಜನ ಸೇರಿ ಒಂದು ಬಾಗಿಲು ಬಡಿದ ಹಾಗಿದ್ದದ್ದು. ಬಹಳಷ್ಟು ಅರ್ಥವಾಗಲಿಲ್ಲ. ಆದರೆ ಏಟು ಅರ್ಥವಾಗುತ್ತಿತ್ತು. ಏಳು ವರ್ಷದವನಿದ್ದಾಗ ಡೋಲು ಹಿಡಿಸಿದ ಅಪ್ಪ, ತಪ್ಪಿದ ಒಂದೊಂದು ಪೆಟ್ಟಿಗೂ ಕೋಲಿನಿಂದ ನನ್ನ ಮೊಣಕೈಗೆ ಒಂದೊಂದು ಕೊಟ್ಟವನು. ನನ್ನ ತಾಳಜ್ಞಾನವೆಲ್ಲ ಇವತ್ತಿಗೂ ಮೊಣಕೈಯಲ್ಲೇ ಇದೆ. ಆ ಪಿಟೀಲಿನವರಿಗೂ ಚಿಕ್ಕವರಿದ್ದಾಗ ಯಾರೋ ಚೆನ್ನಾಗಿ ಬಾರಿಸಿರಬೇಕು ಅಂತ ನನ್ನ ಸಂಶೋಧನೆ.

ಮಾರ್ಚಿನಲ್ಲಿ ಬಾಗೂರಿನ ಒಂದು ಮದುವೆಯಲ್ಲಿ ನನಗೆ ಹೊಳೆಯಿತು. ಪುರೋಹಿತರು ತೋರುಬೆರಳೆತ್ತಿ ಆಡಿಸುತ್ತ ಗಟ್ಟಿಮೇಳ ಅಂದರು. ಅಪ್ಪ ಊದಿದ, ನಾನು ಬಡಿದೆ, ತಾಳದವನು ಕುಟ್ಟಿದ. ತಾಳಿ ಬಿತ್ತು, ಅವರು ಅಂಗೈ ಬಿಡಿಸಿದರು, ನಿಲ್ಲಿಸಿದೆವು. ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ರಾಗವಿಲ್ಲ, ತಾಳವಿಲ್ಲ. ಯಾರಾದರೂ ಸೀನಿದರೆ, ಕೆಟ್ಟ ಮಾತಾಡಿದರೆ ವಧೂವರರ ಕಿವಿಗೆ ಬೀಳಬಾರದು, ಅಷ್ಟೇ ಅದರ ಉದ್ದೇಶ. ನಮ್ಮ ತಾತ ಮುತ್ತಾತಂದಿರೆಲ್ಲ ಇದನ್ನೇ ಬಾರಿಸಿದರು, ಒಬ್ಬನೂ ಕೇಳಲಿಲ್ಲ. ಗೊರೂರಿನಲ್ಲಿ ನೀನು ಕೇಳಿಸಿದ್ದು ನಮ್ಮ ಕುಲಕಸುಬಿನಲ್ಲೇ ಇತ್ತಲ್ಲ, ಅರ್ಧ ನಿಮಿಷದಷ್ಟು. ಅದನ್ನು ಐದು ನಿಮಿಷ ಮಾಡಿ, ಜನ ಬೆಪ್ಪಾಗಿ ನಿಂತು ಕೇಳುವ ಹಾಗೆ ಮಾಡಿದರೆ?

ಭೀಮನಿಗೆ ಹೇಳಿದೆ. ಅವನು ಸೋಲ್ಡರ್ ಮಾಡುತ್ತಿದ್ದ ವೈರನ್ನು ಕೆಳಗಿಟ್ಟು, ‘ಮಾಡಣ ಕಣ್ಲಾ. ಮೇ ತಿಂಗ್ಳಲ್ಲಿ ಶೋಭಿ ಹುಟ್ಟುದ್ದಬ್ಬ ಐತೆ. ರೆಕಾರ್ಡ್ ಮಾಡಿ ಕೊಡಣ’ ಅಂದ. ಅಂದರೆ ಅಧ್ಯಕ್ಷರೇ, ಒಳಸಂಚಿನ ಉದ್ದೇಶ ತಮ್ಮ ಹುಟ್ಟುಹಬ್ಬ. ಇಬ್ಬರು ಸಂಚುಕೋರರು. ಒಬ್ಬ ಈಗ ಆಸ್ಪತ್ರೆಯಲ್ಲಿದ್ದಾನೆ, ಇನ್ನೊಬ್ಬ ಈ ಕಾಗದ ಬರೆಯುತ್ತಿದ್ದಾನೆ.

ಅಪ್ಪನನ್ನು ಒಪ್ಪಿಸುವುದು ಕಷ್ಟವಾಯಿತು. ಒಂದು ಗಟ್ಟಿಮೇಳ ಮಾತ್ರ, ನಾನು ಕೋಲು ಕೆಳಗಿಡುವ ತನಕ ನೀನು ಒಂದೇ ಸ್ವರ ಹಿಡಿ, ಅದರ ಆಚೀಚೆ ಜಾರಿಸು, ಪುರೋಹಿತರ ಕೈ ನೋಡಬೇಡ ಅಂತ ಒಂದು ವಾರ ಕಾಡಿದೆ. ‘ಮದ್ವೆ ಮನೆ ಕಣ್ಲಾ ಅದು, ನಿನ್ ಆಟದ ಮನೆ ಅಲ್ಲ’ ಅಂದ. ಕೊನೆಗೆ ನಿನ್ನ ಪಿಟೀಲುಗಳನ್ನು ಕೇಳಿಸಿದೆ. ಎಲೆಯಡಿಕೆ ಅಗಿಯುತ್ತ ಕೇಳಿದ, ಅಗಿಯುವುದು ನಿಲ್ಲಿಸಿದ, ‘ಶ್ರುತಿ ಬುಟ್ಟಿಲ್ಲ ಇವ್ರು’ ಅಂದ. ಮುಂದೆ ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಮೇ ಎಂಟು, ಗುರುವಾರ. ಚನ್ನರಾಯಪಟ್ಟಣದ ಛತ್ರ. ನಂಜಪ್ಪನವರ ಮಗಳು ದೀಪಶ್ರೀಯ ಮದುವೆ. ವಾಲಗ ನಮ್ಮದು, ಮೈಕು ಭೀಮನದು. ನನ್ನ ಕೃತಿಗೆ ಒಂದು ಮೈಕು ನಮ್ಮ ಮುಂದೆ, ಇನ್ನೊಂದು ಅಡುಗೆಮನೆಯಲ್ಲಿ ಬೇಕಿತ್ತು. ಕೊಳದಪ್ಪಲೆ, ಜರಡಿ, ಸೌಟು, ತಟ್ಟೆಗಳ ಸದ್ದು ದೂರದಿಂದ ಬಂದು ನಮ್ಮ ಗಲಾಟೆಯೊಳಗೆ ಬೆರೆಯಬೇಕು ಅಂತ ನನ್ನ ಮಹಾ ಯೋಜನೆ. ಒಂಬತ್ತೂಕಾಲಿಗೆ ಭೀಮ ಉದ್ದನೆಯ ವೈರು ಎಳೆದುಕೊಂಡು, ಮೈಕು ಹಿಡಿದು ಒಳಗೆ ಹೋದ. ಸರಿಯಾಗಿ ಒಂಬತ್ತೂ ಇಪ್ಪತ್ತೆರಡಕ್ಕೆ ಪುರೋಹಿತರ ಬೆರಳು ಎದ್ದಿತು.

ಹೇಗಿತ್ತು ಅಂತ ಹೇಳಬೇಕು. ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ. ಅಪ್ಪ ಸ್ವರ ಹಿಡಿದ. ನಾನು ಮೊದಲು ಎಂದಿನಂತೆ ಬಡಿದೆ. ತಾಳಿ ಬಿತ್ತು, ಅಕ್ಷತೆ ಬಿತ್ತು, ಪುರೋಹಿತರು ಅಂಗೈ ಬಿಡಿಸಿದರು. ನಾವು ನಿಲ್ಲಿಸಲಿಲ್ಲ. ನಾನು ಕೋಲಿನ ತುದಿಯನ್ನು ಚರ್ಮದ ಮೇಲೆ ಒತ್ತಿ ಎಳೆದೆ, ಡೋಲು ಗೊಗ್ಗರು ಧ್ವನಿಯಲ್ಲಿ ನರಳಿತು. ಅಪ್ಪನ ಸ್ವರ ಕೂದಲೆಳೆಯಷ್ಟು ಕೆಳಗಿಳಿದು ಅಲ್ಲೇ ನಿಂತು ನಡುಗಿತು. ಮುಂದಿನ ಸಾಲಿನ ಹೆಂಗಸರು ಕಿವಿ ಮುಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದ. ನಂಜಪ್ಪನವರು ಇದೇನೋ ತಮ್ಮ ಅಂತಸ್ತಿಗೆ ತಕ್ಕ ಸ್ಪೆಷಲ್ ಗಟ್ಟಿಮೇಳ ಅಂದುಕೊಂಡು ಬೀಗರ ಕಡೆ ತಿರುಗಿ ತಲೆದೂಗಿದರು. ಮೂರನೇ ನಿಮಿಷಕ್ಕೆ ಛತ್ರವೆಲ್ಲ ತಣ್ಣಗಾಯಿತು. ನಿಜವಾಗಿಯೂ ಬೆಪ್ಪಾಗಿ ನಿಂತು ಕೇಳುತ್ತಿದ್ದರು ಶೋಭಿತಾ. ಅಪ್ಪ ಕಣ್ಣು ಮುಚ್ಚಿದ್ದ. ಅವನ ಕೆನ್ನೆ ಊದಿಕೊಂಡು, ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು. ನಲವತ್ತು ವರ್ಷ ಊದಿದವನು ಅವತ್ತು ಮೊದಲ ಸಲ ಹಾಡು ಬಿಟ್ಟು ಬರೀ ಸದ್ದಿನೊಳಗೆ ಹೊಕ್ಕಿದ್ದ. ಐದು ನಿಮಿಷ ನಲವತ್ತು ಸೆಕೆಂಡಿಗೆ ನಾನು ಕೋಲು ಕೆಳಗಿಟ್ಟೆ.

ಊಟಕ್ಕೆ ಎದ್ದ ಜನದ ಗುಂಪಿನಲ್ಲಿ ಭೀಮ ಬರಲಿಲ್ಲ. ನಾನು ವೈರು ಹಿಡಿದುಕೊಂಡು ಹೋದೆ. ಅದು ಅಡುಗೆಮನೆ ದಾಟಿ ಉಗ್ರಾಣದೊಳಗೆ ಹೋಗಿತ್ತು. ಅಕ್ಕಿ ಮೂಟೆಗಳ ನಡುವೆ ಬಿದ್ದಿದ್ದ. ಎಡಗಿವಿಯಿಂದ ರಕ್ತ ಇಳಿದು ಹೊಸ ಬಿಳಿ ಅಂಗಿಯ ಕಾಲರು ಕಪ್ಪಾಗಿತ್ತು. ದವಡೆ ಒಂದು ಪಕ್ಕಕ್ಕೆ ಜಾರಿ ಮುಖ ಬೇರೆಯವನದಾಗಿತ್ತು. ಭುಜದ ಮೇಲೆ ಕುದಿಯುವ ಸಾರು ಸುರಿದಿದ್ದರು, ಅಂಗಿ ಚರ್ಮಕ್ಕೆ ಅಂಟಿತ್ತು. ಬಲಗೈಯ ಬೆರಳುಗಳನ್ನು ಬೂಟಿನಲ್ಲಿ ತುಳಿದಿದ್ದರು. ಎಡಗೈಯಲ್ಲಿ ಮಾತ್ರ ಮೈಕು ಹಾಗೇ ಇತ್ತು, ಆನ್ ಆಗಿಯೇ ಇತ್ತು. ಬಾಗಿಲಲ್ಲಿ ಅಡುಗೆ ಭಟ್ಟರು ಬರಿಗೈಯಲ್ಲಿ ನಿಂತಿದ್ದರು. ‘ನನ್ ಸೌಟ್ನೇ ಕಿತ್ಕೊಂಡ್ರಪ್ಪ’ ಅಂದರು. ಅದನ್ನೇ ಮೂರು ನಾಲ್ಕು ಸಲ ಅಂದರು.

ಮೈಕ್‌ಸೆಟ್ ತಂದಿದ್ದ ಟೆಂಪೋದಲ್ಲೇ ಅವನನ್ನು ಹಾಸನಕ್ಕೆ ಕರೆದುಕೊಂಡು ಹೋದೆ. ಹೊರಡುವ ಮೊದಲು ಮಿಕ್ಸರಿನಿಂದ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡೆ. ದಾರಿಯಲ್ಲಿ ಭೀಮ ಕಣ್ಣು ಬಿಟ್ಟ. ಮಾತು ಬರುತ್ತಿರಲಿಲ್ಲ. ಮೈಕಿನ ಕಡೆ ನೋಡಿ ಹುಬ್ಬು ಹಾರಿಸಿದ. ರೆಕಾರ್ಡ್ ಆಯಿತಾ ಅಂತ ಕೇಳುತ್ತಿದ್ದಾನೆ, ಆ ಸ್ಥಿತಿಯಲ್ಲಿ. ಆಯಿತು ಅಂತ ತಲೆಯಾಡಿಸಿದೆ.

ಆಸ್ಪತ್ರೆಯ ಮೆಟ್ಟಿಲಲ್ಲಿ ಅದೇ ಪ್ರಶ್ನೆಯನ್ನು ನೀನು ಕೇಳಿದಾಗ ನಾನು ಏನು ಹೇಳಿದೆ, ನೆನಪಿದೆ ತಾನೇ. ಮಧ್ಯೆ ಕರೆಂಟು ಹೋಗಿತ್ತು, ಏನೂ ಉಳಿದಿಲ್ಲ ಅಂದೆ. ನೀನು ನನ್ನ ಮುಖವನ್ನು ಗೊರೂರಿನಲ್ಲಿ ನೋಡಿದ ಹಾಗೆಯೇ ನೋಡಿದೆ. ಸುಳ್ಳು ಅಂತ ನಿನಗೆ ಗೊತ್ತಾಯಿತು. ಯಾಕೆ ಸುಳ್ಳು ಅಂತ ಗೊತ್ತಾಗಲಿಲ್ಲ. ಆದ್ದರಿಂದ ಗಟ್ಟಿಮೇಳ ಅಷ್ಟುದ್ದ ಎಳೆದದ್ದಕ್ಕೂ ನನ್ನ ಸುಳ್ಳಿಗೂ ಗಂಟು ಹಾಕಿ ನೀನು ದೂರು ಬರೆದೆ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ, ಅಕ್ಷರ ಮಾತ್ರ ಅಷ್ಟು ದುಂಡಗಿರುತ್ತಿರಲಿಲ್ಲ.

ಠಾಣೆಯಲ್ಲಿ ಅಪ್ಪ ನನ್ನ ಹೆಸರೆತ್ತಲಿಲ್ಲ. ಅಷ್ಟುದ್ದ ಯಾಕೆ ಊದಿದೆ ಅಂತ ಎರಡು ದಿನ ಕೇಳಿದರು. ಎರಡು ದಿನವೂ ಒಂದೇ ಉತ್ತರ, ‘ಸ್ವರ ಸಿಕ್ಬುಡ್ತು ಸಾ, ಬುಡಾಕಾಗ್ನಿಲ್ಲ’. ಸಮಂಜಸ ಉತ್ತರ ನೀಡಲಿಲ್ಲ ಅಂತ ಬರೆದುಕೊಂಡರು. ಅವರ ತಪ್ಪೇನೂ ಇಲ್ಲ, ಅದನ್ನು ಬರೆದುಕೊಳ್ಳಲು ಅವರ ಫಾರಮ್ಮಿನಲ್ಲಿ ಜಾಗವಿಲ್ಲ.

ಕಳೆದ ಗುರುವಾರ ನಂಜಪ್ಪನವರು ಹಣ್ಣು ಎಲೆಯಡಿಕೆ ಹಿಡಿದು ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂತು ತುಂಬ ಮರ್ಯಾದೆಯಾಗಿ ಮಾತಾಡಿದರು. ‘ಚಲುವಯ್ಯ, ನಿಮ್ಮಪ್ಪ ನಮ್ಮಪ್ಪನ ಮದ್ವೇಲಿ ಊದ್ದವ್ನು. ಐಕ್ಳು ದುಡುಕ್ಬುಟ್ವು. ಆ ಮೈಕಿನ ಐದ ಏಣಿಯಿಂದ ಬಿದ್ದ ಅನ್ನಿ, ಗಟ್ಟಿಮೇಳದಲ್ಲಿ ಗೊತ್ತಾಗ್ನಿಲ್ಲ ಅನ್ನಿ. ನಿನ್ನೆಸ್ರು ತೆಗ್ಸೋದು ನನ್ಗಿರ್ಲಿ.’ ಅಪ್ಪ ಎದ್ದು ನಿಂತು, ಕೈ ಕಟ್ಟಿಕೊಂಡೇ, ‘ಬಿದ್ದಿದ್ದ ನಾ ಕಾಣ್ನಿಲ್ಲ ಗೌಡ್ರೆ. ಕಾಣದ್ದ ಎಂಗೆ ಏಳ್ಲಿ’ ಅಂದ. ಹಣ್ಣಿನ ತಟ್ಟೆಯನ್ನು ನಂಜಪ್ಪನವರು ವಾಪಸು ತೆಗೆದುಕೊಂಡು ಹೋದರು. ಬಾಳೆಹಣ್ಣು ಚೆನ್ನಾಗಿತ್ತು.

ಶನಿವಾರ ಸಂಜೆ ಐದಕ್ಕೆ ದಿಲೀಪ ಬಂದ. ನಂಜಪ್ಪನವರ ಅಣ್ಣನ ಮಗ, ಮದುವೆಯ ಊಟದ ಉಸ್ತುವಾರಿ, ನಿನ್ನ ದೂರಿನಲ್ಲಿ ಒಂದನೆಯ ಹೆಸರು. ತಲೆಮರೆಸಿಕೊಂಡಿದ್ದಾನೆಂದು ಪೇಪರಿನಲ್ಲಿ ಬಂದಿದ್ದ ಆ ತಲೆಯನ್ನು ಯಾರಿಗೂ ಮರೆಸದೆ ಬೈಕಿನಲ್ಲಿ ಹೊತ್ತುಕೊಂಡು, ಜೊತೆಗೆ ಇಬ್ಬರನ್ನು ಕರೆದುಕೊಂಡು ಬಂದ. ಕೈಯಲ್ಲಿ ಕುಡುಗೋಲು. ಮೊದಲು ಎರಡು ಡೋಲಿನ ನಾಲ್ಕೂ ಮುಖ ಸೀಳಿದ. ಒಣ ಚರ್ಮ ಸೀಳುವಾಗ ಒಂದು ಸದ್ದು ಬರುತ್ತದೆ, ಬಟ್ಟೆಯದೂ ಅಲ್ಲ, ಮರದ್ದೂ ಅಲ್ಲ. ‘ಚಿಪ್ ಎಲ್ಲೈತ್ಲಾ ಮುದುಕ’ ಅಂತ ಕೇಳಿದ. ಅಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೋಡೆಗೆ ಒರಗಿಸಿದ್ದ ನಾದಸ್ವರವನ್ನು ತೆಗೆದು ಅದರ ಅಗಲ ಬಾಯಿಯಿಂದ ಅಪ್ಪನ ಬಾಯಿಗೆ ಇಕ್ಕಿದ. ಎರಡು ಸಲ. ಮುಂದಿನ ಎರಡು ಹಲ್ಲು ಹೋದವು, ಮೇಲ್ದುಟಿ ಸೀಳಿತು. ಮರವೂ ಒಡೆಯಿತು.

ಈ ಸಮಯದಲ್ಲಿ ಸಂಘದ ಕಾರ್ಯದರ್ಶಿಯು ಎಲ್ಲಿದ್ದನು ಎಂದು ಸದಸ್ಯರು ಪ್ರಶ್ನಿಸಬಹುದು. ಬಚ್ಚಲುಮನೆಯಲ್ಲಿದ್ದೆ. ಅಗಳಿ ಹಾಕಿಕೊಂಡು, ಪೆನ್‌ಡ್ರೈವನ್ನು ಬಾಯಲ್ಲಿಟ್ಟುಕೊಂಡು. ಎಲ್ಲ ಕೇಳಿಸಿತು.

ಅವರು ಹೋದ ಮೇಲೆ ಹೊರಗೆ ಬಂದೆ. ಅಪ್ಪ ತಂಬಿಗೆಯ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದ. ಉಗಿದದ್ದು ಕೆಂಪಗಿತ್ತು, ಎಲೆಯಡಿಕೆಯದಲ್ಲ. ನನ್ನ ಕಡೆ ನೋಡದೆಯೇ, ‘ಇನ್ ಊದಾಕಾಗಲ್ಲ. ನಿಮ್ ಆ ಸಂಗೀತ್ದಾಗೆ ಅಲ್ಲು ಇಲ್ದೋರು ಊದ್ಬೋದೇನ್ಲಾ’ ಅಂದ. ನಾನು ಪೆನ್‌ಡ್ರೈವನ್ನು ಬಾಯಿಂದ ತೆಗೆದು ಅವನ ಅಂಗೈಯಲ್ಲಿಟ್ಟೆ. ಅಲ್ಲೇ, ಸೀಳಿದ ಡೋಲುಗಳ ಪಕ್ಕ ಕೂತು ಪೂರ್ತಿ ಕೇಳಿಸಿದೆ. ಅಪ್ಪ ತುಟಿಗೆ ಟವೆಲ್ ಒತ್ತಿಕೊಂಡು ಕೇಳಿದ. ಮುಗಿದ ಮೇಲೆ, ‘ಆ ಎಣ್ಮಗಾ ದೂರ್ನಾಗೆ ಬರ್ದಿರೋದು ತಪ್ಪಲ್ಲ. ಪುರೋಯ್ತ್ರು ಅಂಗೈ ಬುಡ್ಸಿದ್ರು. ನಾ ನೋಡ್ದೆ. ನೋಡಿ ಕಣ್ ಮುಚ್ಕೊಂಡೆ’ ಅಂದ.

ಇನ್ನು ಪೆನ್‌ಡ್ರೈವಿನಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ದಿಲೀಪನ ಧ್ವನಿ ಇದೆ. ಇನ್ನಿಬ್ಬರದೂ ಇದೆ, ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿಕೊಂಡಿದ್ದಾರೆ. ಒಲೆಯ ಹತ್ತಿರ ಬಂದು ಸಾರು ಮುಟ್ಟಿದ ಅಂತ ಅಂದದ್ದು ಇದೆ. ನಿಮ್ಮ ಜಾತಿ ಹಿಡಿದು ಅಂದದ್ದಿದೆ, ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಸೌಟಿನ ಏಟುಗಳು ಇಪ್ಪತ್ತಮೂರು, ಎಣಿಸಿದ್ದೇನೆ. ಭೀಮನ ಕೂಗು ಇದೆ. ಒಳಸಂಚಿನ ಮಾತು ಬಿದ್ದುಹೋಗುತ್ತದೆ, ಏಣಿಯ ಮಾತೂ ಬಿದ್ದುಹೋಗುತ್ತದೆ. ಹೊಡೆದದ್ದು ಮಾತ್ರ ನಿಲ್ಲುತ್ತದೆ.

ಆದರೆ ಶುರುವಿನಲ್ಲಿ, ಗಟ್ಟಿಮೇಳಕ್ಕೆ ಏಳು ನಿಮಿಷ ಮೊದಲು, ನನ್ನದೂ ಒಂದು ಮಾತಿದೆ. ಹನ್ನೊಂದು ದಿನ ಇದನ್ನು ಅಡಗಿಸಿಟ್ಟದ್ದು ಅದಕ್ಕೆ. ಭೀಮ ಮೈಕು ಪರೀಕ್ಷಿಸುತ್ತ, ‘ಅಡ್ಗೆಮನೆ ಒಳಕ್ಕೆ ಓಗ್ಬೋದೇನ್ಲಾ, ಯಾರೂ ಏನೂ ಅನ್ನಲ್ವಾ’ ಅಂತ ಕೇಳುತ್ತಾನೆ. ನಾನು ನಗುತ್ತ, ‘ಓಗ್ಲಾ, ಯಾರೇನಂತಾರೆ, ಒಲೆ ಪಕ್ಕದಲ್ಲೇ ಇಡು’ ಅನ್ನುತ್ತೇನೆ. ಹಿಂದಿನ ದಿನ ಚಪ್ಪರದ ಕೆಳಗೆ ದಿಲೀಪ ನನ್ನನ್ನು ಪಕ್ಕಕ್ಕೆ ಕರೆದು, ಮೈಕಿನವನಿಗೆ ಹೇಳಿಬಿಡು, ಅಡುಗೆ ಕಡೆ ಕಾಲಿಡಕೂಡದು, ಅವನ ಎಲೆ ಹೊರಗೆ ಅಂದಿದ್ದ. ನಾನು ಆಗಲಿ ಅಣ್ಣ ಅಂದಿದ್ದೆ. ಭೀಮನಿಗೆ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು ಅಂತ ಕೋರ್ಟಿನಲ್ಲಿ ಹೇಳಬಹುದು, ಅದರಲ್ಲಿ ಅರ್ಧ ನಿಜವಿದೆ. ಇನ್ನರ್ಧ, ದಿಲೀಪನ ಮೂಗಿನ ಕೆಳಗೆ ಭೀಮ ಅವನ ಒಲೆಯ ಸದ್ದನ್ನೇ ಕದ್ದು ತರುತ್ತಾನೆ, ಅದು ಚಂದದ ಕೀಟಲೆ ಅಂತ ನನಗೆ ಅನ್ನಿಸಿತು. ಕೀಟಲೆ ನನ್ನದು, ಒಳಗೆ ಹೋದ ಮೈ ಅವನದು. ಸಿಕ್ಕಿಬಿದ್ದರೆ ನನಗೆ ಬಸ್ಸಿನ ಡ್ರೈವರು ಕೊಟ್ಟಂಥ ಒಂದು ಕೆನ್ನೆಯೇಟು. ಅವನಿಗೆ ಏನು ಅಂತ ನನಗೆ ಗೊತ್ತಿರಲಿಲ್ಲವೇ. ಈ ತಾಲ್ಲೂಕುಗಳಲ್ಲೇ ಹುಟ್ಟಿ ಬೆಳೆದು, ಯಾರ ಎಲೆ ಎಲ್ಲಿ ಬೀಳುತ್ತದೆ ಅಂತ ಪ್ರತಿ ಮದುವೆಯಲ್ಲೂ ನೋಡಿದವನು ನಾನು.

ನಾಳೆ ಇಷ್ಟನ್ನೂ ಹೇಳುತ್ತೇನೆ. ಮೂಲ ಪೆನ್‌ಡ್ರೈವನ್ನು ಇವತ್ತು ಬೆಳಿಗ್ಗೆಯೇ ಠಾಣೆಯಲ್ಲಿ ರಶೀದಿ ಬರೆಸಿಕೊಂಡು ಕೊಟ್ಟಿದ್ದೇನೆ, ಅಪ್ಪ ಜೊತೆಗೆ ಬಂದಿದ್ದ. ಅಪ್ಪನ ಬಾಯಿಯದೂ ದೂರು ಕೊಟ್ಟೆವು. ನಿನಗೆ ಕಳಿಸುತ್ತಿರುವುದು ಪ್ರತಿ. ಒಂದು ಸೆಕೆಂಡನ್ನೂ ಕತ್ತರಿಸಿಲ್ಲ, ನನ್ನ ನಗುವನ್ನೂ. ಇದಾದ ಮೇಲೆ ನಮಗೆ ಯಾರೂ ವಾಲಗಕ್ಕೆ ಹೇಳುವುದಿಲ್ಲ. ಇದನ್ನು ಕರುಣೆಗಾಗಿ ಬರೆಯುತ್ತಿಲ್ಲ. ಹೇಗೂ ಡೋಲೂ ಇಲ್ಲ, ಹಲ್ಲೂ ಇಲ್ಲ.

ನಿನ್ನ ದೂರಿನಿಂದ ಅಪ್ಪನ ಹೆಸರು ತೆಗೆಸು ಅಂತ ಕೇಳಿಕೊಳ್ಳುತ್ತೇನೆ. ಆ ಜಾಗವನ್ನು ಖಾಲಿ ಬಿಡಬೇಕಾಗಿಲ್ಲ. ಭೀಮನಿಗೆ ಬಲಗಿವಿಯ ಕಡೆ ಕೂತು ಓದಿ ಹೇಳು, ಆ ಕಡೆ ಕೇಳಿಸುತ್ತದಂತೆ, ಹೊನ್ನಕ್ಕ ಹೇಳಿದಳು. ಅವಳು ಇನ್ನೂ ನನ್ನನ್ನು ಮಗ ಅಂತಲೇ ಕರೆಯುತ್ತಾಳೆ. ಅವಳಿಗೂ ಓದಿ ಹೇಳು.

ಸಂಘದ ಕಾರ್ಯದರ್ಶಿ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸಿದ್ದೇನೆ. ಅಂಗೀಕರಿಸುವುದು ಬಿಡುವುದು ಅಧ್ಯಕ್ಷರ ಚಿತ್ತ.

ಇಂತಿ, ಆರೋಪಿ ನಂಬರ್ ನಾಲ್ಕು ಆಗಬೇಕಿದ್ದ,
ರುದ್ರೇಶ
(ಚಲುವಯ್ಯನ ಮಗ, ಡೋಲು)

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ನನ್ನ ಕಾಲಬುಡದಲ್ಲಿ ಒಂದು ಸಣ್ಣ ಸ್ಪೀಕರ್ ಇತ್ತು. ಅಡುಗೆಮನೆಯ ಮೈಕಿನ ಸದ್ದು ಅದೊಂದಕ್ಕೆ ಮಾತ್ರ ಬರುತ್ತಿತ್ತು, ಅಲ್ಲಿನ ಸದ್ದಿಗೆ ನಾನು ಹೊಂದಿಸಿಕೊಂಡು ಬಾರಿಸಲಿ ಅಂತ ಭೀಮನೇ ಇಟ್ಟುಕೊಟ್ಟದ್ದು. ಮೂರನೇ ನಿಮಿಷದಿಂದ ಅದರಲ್ಲಿ ಏಟು ಬಂತು, ಕೂಗು ಬಂತು, ಎರಡು ಸಲ ನನ್ನ ಹೆಸರು ಬಂತು. ಭೀಮನೂ ಆಟಕ್ಕೆ ಸೇರಿಕೊಂಡ, ಪಾತ್ರೆ ಬಡಿದು ಕಿರುಚುತ್ತಿದ್ದಾನೆ ಅಂತ ನನಗೆ ಖುಷಿ ಉಕ್ಕಿತು. ಅವನ ಒಂದೊಂದು ಕೂಗಿಗೂ ಡೋಲಿನಲ್ಲಿ ಉತ್ತರ ಕೊಟ್ಟೆ. ನನ್ನ ಉತ್ತರ ಕೇಳಿ ಅಪ್ಪ ಸ್ವರ ಏರಿಸಿದ. ನೀನು ಕೇಳಿದಾಗ ಇದು ಗೊತ್ತಾಗಿಯೇ ಆಗುತ್ತದೆ, ಅದಕ್ಕೆ ಮೊದಲೇ ಹೇಳುತ್ತಿದ್ದೇನೆ. ಹನ್ನೊಂದು ದಿನದಲ್ಲಿ ನಾನು ಅದನ್ನು ಹದಿನಾರು ಸಲ ಕೇಳಿದ್ದೇನೆ. ಮೊದಲ ಎರಡು ಸಲ ಸಾಕ್ಷಿಗಾಗಿ. ಉಳಿದ ಹದಿನಾಲ್ಕಕ್ಕೆ ಆ ನೆಪವಿಲ್ಲ.